ಗಡಿ ಮುಟ್ಟದ ಪುಟ್ಟಿ

ರಾಮಸಾಗರದಲ್ಲಿ ವಾಂತಿಭೇದಿ ಬಂದಾಗಲೆಲ್ಲ ಬೇನೆಯ ಪುಟ್ಟಿ, ಅಂದರೆ ಬುಟ್ಟಿ, ಹೊರುವವಳು ಹುಸೇನಮ್ಮ. ಮೊಹರಮ್ಮಿನ ಪೀರಲ ಹಬ್ಬದ ದಿನ ಹುಟ್ಟಿದ್ದಕ್ಕೆ ಆ ಹೆಸರಿಟ್ಟಿದ್ದರು. ಪುಟ್ಟಿ ಹೊರುವ ಹಕ್ಕು ಅವಳಿಗೆ ಅತ್ತೆಯಿಂದ ಬಂದಿತ್ತು. ಹಕ್ಕು ಎಂದರೂ ಅದನ್ನು ಬೇರೆ ಯಾರೂ ಕೇಳಿಕೊಂಡು ಬಂದವರಿಲ್ಲ.

ಬೇನೆ ಹತ್ತಿದ ಪ್ರತಿ ಮನೆಯಿಂದ ಒಂದು ಹರಕು ಬಟ್ಟೆ ಮತ್ತು ಒಂದು ಹಿಡಿ ಅನ್ನ ತಂದು ಬಿದಿರಿನ ಪುಟ್ಟಿಗೆ ಹಾಕುತ್ತಾರೆ. ಮೇಲೆ ಬೇವಿನ ಸೊಪ್ಪು, ಹಸಿರು ಬಳೆ. ನಡುಮಧ್ಯಾಹ್ನ ಊರಿನವರೆಲ್ಲ ಬಾಗಿಲು ಹಾಕಿಕೊಂಡ ಮೇಲೆ ಹುಸೇನಮ್ಮ ಅದನ್ನು ತಲೆಯ ಮೇಲಿಟ್ಟುಕೊಂಡು, ಹಿಂದಿರುಗಿ ನೋಡದೆ ನಡೆದು, ಕಂಪ್ಲಿ ಕಡೆಯ ಗಡಿಕಲ್ಲಿನ ಆಚೆ ಇಟ್ಟು ಬರಬೇಕು. ಅಲ್ಲಿಗೆ ಬೇನೆ ತರುವ ಅಮ್ಮ ನಮ್ಮೂರು ಬಿಟ್ಟಳು ಎಂದು ನಂಬಿಕೆ. ಆಚೆಯವರು ಅದನ್ನು ಕಂಡರೆ ತಮ್ಮ ಊರಿನ ಗಡಿಯಿಂದಲೂ ಆಚೆ ದಾಟಿಸುತ್ತಾರೆ.

ಅವಳು ಹಾಗೆ ಹೊತ್ತದ್ದು ಮೂರು ಸಲ. ಮೂರೂ ಬೇಸಿಗೆಯಲ್ಲಿ, ಕಾಲುವೆಗೆ ನೀರು ನಿಲ್ಲಿಸಿದ ದಿನಗಳಲ್ಲಿ. ಆಗಿನ ಬೇನೆ ಬಿಸಿಲಿಗೆ ಬಂದು ಮೊದಲ ಮಳೆಗೆ ಹೋಗುತ್ತಿತ್ತು. ಯುದ್ಧ ನಡೆದಿದ್ದ ಆ ವರ್ಷ ಮಾತ್ರ ಕಾರ್ತಿಕದ ಚಳಿಯಲ್ಲಿ, ಕಾಲುವೆ ತುಂಬಿ ಹರಿಯುವಾಗ ಬಂತು. ಕೆಲವರಿಗೆ ಒಂದು ದಿನ ಹೊಟ್ಟೆ ಕೆಟ್ಟು, ಮರುದಿನ ಅವರು ಗದ್ದೆಗೆ ಹೋಗುತ್ತಿದ್ದರು. ಆದರೆ ಅವರದೇ ಮನೆಯಲ್ಲಿ ಇನ್ನೊಬ್ಬರು ಸಂಜೆಯೊಳಗೆ ಸಾಯುತ್ತಿದ್ದರು. ಹುಸೇನಮ್ಮನಿಗೂ ಒಂದು ದಿನ ಹಾಗಾಗಿತ್ತು. ನಾಲ್ಕು ಸಲ ಹೊರಗೆ ಹೋಗಿ ಬಂದು, ಮಜ್ಜಿಗೆ ಕುಡಿದು ಮಲಗಿದವಳು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದಳು.

ಹೊಸಪೇಟೆಯಿಂದ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ವ್ಯಾಸರಾಜ ಬಂದು ಬಾವಿಗಳಿಗೆ ಕೆಂಪು ಔಷಧಿ ಹಾಕಿದರು. ಹೆಂಗಸರು ಬಗ್ಗಿ ನೋಡಿ ನಕ್ಕರು.

"ಆಚಾರ್ರು ಬಾವ್ಯಾಗ ಕುಂಕುಮ ಕದಡ್ಯಾರವಾ. ಇನ್ನ ಅರಿಶಿಣ ಒಂದು ಹಾಕಿದ್ರ ಲಗ್ನ ಮುಗೀತು."

ಕೊಡ ಎತ್ತಿಕೊಂಡು ಎಲ್ಲರೂ ಕಾಲುವೆಗೆ ಹೋದರು. ಹುಸೇನಮ್ಮ ಮಾತ್ರ ನಿಂತು ಕೇಳಿದಳು.

"ಸಾಮಿ, ಈ ಸಲ ಯಾಕ್ರಿ ಚಳ್ಯಾಗ ಬಂದೈತಿ?"

"ಜ್ವಾಳದಾಗ ಬ್ಯಾರೆ ಬ್ಯಾರೆ ಬೀಜ ಇರತಾವಲ್ಲ, ಹಂಗ ಇದೂ ಬ್ಯಾರೆ ಬೀಜ ಇದ್ದೀತು. ನಾ ನೋಡಿದ್ದು ಇದಲ್ಲ. ಇದರ ನಡಿಗಿನ ಬ್ಯಾರೆ ಅದ. ಔಷಧಿ ಹಾಕದ ಬಾವಿ ನೀರು ಕುಡೀಬ್ಯಾಡ, ನೋಡು."

ಕಾಲುವೆಯ ನೀರೂ ಬೇಡ ಎಂದು ಅವರು ಹೇಳಿದ್ದರಂತೆ. ಅವಳ ತಲೆಯಲ್ಲಿ ನಿಂತದ್ದು ಬಾವಿಯ ಮಾತು ಮಾತ್ರ.

ಒಂಬತ್ತನೆಯ ಹೆಣ ಹೋದ ದಿನ ಗೌಡ ಉಜ್ಜಿನಪ್ಪ ಅವಳನ್ನು ಕರೆಸಿದ. ಪುಟ್ಟಿ ಸಿದ್ಧವಾಗಿತ್ತು. ಆದರೆ ಹಿಂದಿನ ಮೂರು ಸಲ ಇಲ್ಲದ ಸಂಕಟ ಈ ಸಲ ಇತ್ತು. ಅವಳ ಒಬ್ಬಳೇ ಮಗಳು ಯಲ್ಲಕ್ಕನನ್ನು ಎರಡು ವರ್ಷದ ಹಿಂದೆ ಕಂಪ್ಲಿಗೆ ಕೊಟ್ಟಿದ್ದರು. ಕಾಲುವೆಯ ದಂಡೆಯಲ್ಲೇ ಅವಳ ಮನೆ. ಎಂಟು ತಿಂಗಳ ಹೆಣ್ಣುಕೂಸು ಇತ್ತು.

"ಗೌಡ್ರ, ಈ ಸಲ ಮೆಟ್ರಿ ಕಡೀ ಇಟ್ಟು ಬರ್ತೀನ್ರಿ. ಕಂಪ್ಲ್ಯಾಗ ನನ್ನ ಮಗಳದಾಳ."

"ಮೆಟ್ರ್ಯಾಗ ನನ್ನ ತಂಗಿ ಅದಾಳ."

"ಹಂಗಾರ ಯಾವ ಕಡೀನೂ ಬ್ಯಾಡ್ರಿ."

"ಊರಾಗ ಇಟಗಂಡು ಸಾಯೂಣೇನು? ಅಮ್ಮಗ ದಾರಿ ಗೊತ್ತೈತಿ, ನೀ ಹೊಸಾ ದಾರಿ ಕಲಸಬ್ಯಾಡ. ಹೊರು."

ಅವಳು ಹೊತ್ತಳು.

ಗಡಿಕಲ್ಲಿನವರೆಗೆ ಬಂದು ನಿಂತಳು. ರಸ್ತೆಯ ಪಕ್ಕದಲ್ಲೇ ಕಾಲುವೆ ದಡ ಸವರಿಕೊಂಡು ಕಂಪ್ಲಿ ಕಡೆಗೆ ಹರಿಯುತ್ತಿತ್ತು. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಕಾಲುವೆ ಯಾವ ಊರಿನದೂ ಅಲ್ಲ. ಗಂಗಮ್ಮನ ಮಡಿಲಿಗೆ ಹಾಕಿದರೆ ಅಮ್ಮ ಯಾರ ಗಡಿಯನ್ನೂ ತುಳಿಯುವುದಿಲ್ಲ ಎಂದು ಅವಳಿಗೆ ತೋಚಿತು. ಬೇಸಿಗೆಯಲ್ಲಾಗಿದ್ದರೆ ಅಲ್ಲಿ ನೀರೇ ಇರುತ್ತಿರಲಿಲ್ಲ, ಈ ಯೋಚನೆಯೂ ಬರುತ್ತಿರಲಿಲ್ಲ. ಅವಳು ಮೊಣಕಾಲುದ್ದ ನೀರಿಗಿಳಿದು ಪುಟ್ಟಿಯನ್ನು ಬಿಟ್ಟಳು. ಅದು ಎರಡು ಸುತ್ತು ತಿರುಗಿ ವಾಲಿತು. ಬಟ್ಟೆಗಳು ಒಂದೊಂದಾಗಿ ಬಿಚ್ಚಿಕೊಂಡು ಮುಂದೆ ಹೋದವು.

ಅಲ್ಲಿಂದಲೇ ಅವಳು ಹಿಂದಿರುಗಬೇಕಿತ್ತು. ಮಗಳನ್ನು ಉಳಿಸಿದೆನೆಂಬ ಹಿಗ್ಗಿನಲ್ಲಿ ಕಂಪ್ಲಿಗೆ ನಡೆದಳು.

"ಯವ್ವಾ, ಬರಿಗೈಲೆ ಬಂದೀಯಲ್ಲ? ಮೊಮ್ಮಗಳಿಗೆ ಒಂದು ಬೆಲ್ಲದ ಚೂರೂ ಇಲ್ಲೇನು?" ಎಂದು ಯಲ್ಲಕ್ಕ ಅಣಕಿಸಿದಳು.

"ಇವತ್ತ ತಲಿಮ್ಯಾಲಿನ ಭಾರ ಇಳಿಸಿ ಬಂದೀನವಾ. ಅದನ್ನ ಉಡುಗೊರಿ ಅನ್ನಕೋ. ನೋಡು, ಬಾವಿ ನೀರು ಬ್ಯಾಡಂತ ಆಚಾರ್ರು ಹೇಳ್ಯಾರ. ಕಾಲುವಿ ನೀರ ತಾ."

ಹುಸೇನಮ್ಮ ತಾನೇ ಕೊಡ ತೆಗೆದುಕೊಂಡು ಹೋಗಿ ಕಾಲುವೆಯ ನೀರು ತಂದಳು. ಹಿಟ್ಟು ಕಲಸಿ ರೊಟ್ಟಿ ತಟ್ಟಿದಳು. ತಾಯಿ ಮಗಳು ಒಂದೇ ತಟ್ಟೆಯಲ್ಲಿ ಉಂಡರು. ಕೂಸು ಮಲಗಿತ್ತು. ಎಬ್ಬಿಸುವುದು ಬೇಡವೆಂದು ಅದನ್ನು ಮುಟ್ಟದೆ, ಹೊತ್ತು ಇಳಿಯುವ ಮುಂಚೆ ಊರಿಗೆ ಹೊರಟಳು.

ನಾಲ್ಕನೆಯ ದಿನ ಯಲ್ಲಕ್ಕ ಬೆಳಿಗ್ಗೆ ಮಲಗಿದವಳು ಸಂಜೆಗೆ ತೀರಿಕೊಂಡಳು. ಕಾಲುವೆ ದಂಡೆಯ ಆ ಮನೆಸಾಲಿನಲ್ಲಿ ಆರು ಜನ ಸತ್ತರು. ಎಂಟು ಎನ್ನುವವರೂ ಇದ್ದಾರೆ. ಹುಸೇನಮ್ಮ ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ವ್ಯಾಸರಾಜರು ಆಗ ಕಂಪ್ಲಿಯಲ್ಲೇ ಇದ್ದರು. ಸೂಜಿಮದ್ದು ಮುಗಿದು, ಚಾವಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದರು. ಹುಸೇನಮ್ಮ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ತನಗೆ ಒಂದು ದಿನ ಹೊಟ್ಟೆ ಕೆಟ್ಟದ್ದನ್ನೂ ಬಿಡಲಿಲ್ಲ. ಅದನ್ನು ಕೇಳಿ ಅವರು ತಲೆ ಎತ್ತಿದರು.

"ಬ್ಯಾನಿ ಹೋದ ಮ್ಯಾಲೂ ಕೆಲವರ ಹೊಟ್ಟ್ಯಾಗ ಅದು ಉಳೀತದ, ಹುಸೇನಮ್ಮ. ಅವರು ಚಂದಾಗೇ ಇರತಾರ. ಅವರ ಕೈಯಿಂದ ಇನ್ನೊಬ್ಬರಿಗೆ ಹೋಗತದ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು.

"ನೀರಾಗ ಹೋತೋ, ನನ್ನ ರೊಟ್ಟ್ಯಾಗ ಹೋತೋ? ಒಂದು ಹೇಳ್ರಿ ಸಾಮಿ."

"ಎರಡೂ ದಾರಿ ಇದ್ವು. ಯಾವುದಂತ ಹೆಂಗ ಹೇಳ್ಲಿ?"

"ಈಗೂ ಐತೇನ್ರಿ, ನನ್ನ ಹೊಟ್ಟ್ಯಾಗ?"

"ಗೊತ್ತಿಲ್ಲವಾ. ಭಾಳ ಮಂದಿಗೆ ಸ್ವಲ್ಪ ದಿನಕ್ಕ ಹೋಗತದ. ಎಲ್ಲಾರಿಗೂ ಹಂಗ ಅಂತ ನಾ ಆಣಿ ಮಾಡಲಾರೆ."

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಸಾವಿನ ಹದಿಮೂರನೆಯ ದಿನ ಅಳಿಯ ಜಂಬಪ್ಪ ಕೂಸನ್ನು ಎತ್ತಿಕೊಂಡು ರಾಮಸಾಗರಕ್ಕೆ ಬಂದ.

"ಅತ್ತಿ, ಹಿಡಕೊಳ್ರಿ. ರಾತ್ರಿಯೆಲ್ಲಾ ಅಳತೈತಿ. ನೀವಲ್ಲದ ಇನ್ಯಾರದಾರ ಇದಕ್ಕ?"

ಹುಸೇನಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡಳು. "ಯಾರ ಕೈಗಾರ ಕೊಡಪ್ಪಾ. ನನ್ನ ಕೈಗೆ ಬ್ಯಾಡ."

ಅವನು ಬೈದ. ಕಲ್ಲೆದೆಯವಳು ಎಂದ. ಅವಳು ಕಾರಣ ಹೇಳಲಿಲ್ಲ. ಕೂಸನ್ನು ಜಂಬಪ್ಪನ ಅಕ್ಕ ಸಾಕಿದಳು.

ಮರುವರ್ಷ ಬೇನೆ ಮತ್ತೆ ಬಂದಾಗ ಉಜ್ಜಿನಪ್ಪ ಪುಟ್ಟಿ ಹೊರಲು ಹೇಳಿ ಕಳಿಸಿದ. ಅವಳು ಹೋಗಲಿಲ್ಲ. ಬೇರೆ ಯಾರೂ ಸಿಗದೆ ಪುಟ್ಟಿ ಗುಡಿಯ ಹಿಂದೆಯೇ ಕೊಳೆಯಿತು. ಆ ಸಲವೂ ಜನ ಸತ್ತರು, ಕಂಪ್ಲಿಯಲ್ಲೂ ಸತ್ತರು.

ಈಗ ಅವಳು ತಿಂಗಳಿಗೊಮ್ಮೆ ಕಂಪ್ಲಿಗೆ ನಡೆದು ಹೋಗಿ, ಕಾಲುವೆಯ ಆಚೆ ದಂಡೆಯ ಜಾಲಿಯ ನೆರಳಲ್ಲಿ ಕೂರುತ್ತಾಳೆ. ಅಲ್ಲಿಂದ ಆ ಮನೆಯ ಅಂಗಳ ಕಾಣುತ್ತದೆ. ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಹೋದ ತಿಂಗಳು ಆ ಹುಡುಗಿ ಕಾಲುವೆಯ ಮೇಲಿನ ಕಲ್ಲಿನ ಸೇತುವೆ ದಾಟಿ, ಚೊಂಬಿನಲ್ಲಿ ನೀರು ಹಿಡಿದುಕೊಂಡು ಹತ್ತಿರ ಬಂದಿದ್ದಳು.

"ಅಜ್ಜಿ, ನೀರು ಕುಡೀತಿಯೇನು?"

"ಅಲ್ಲೇ ಇಡವಾ. ದೂರ ಸರಿ."

ಹುಡುಗಿ ಚೊಂಬನ್ನು ಇಟ್ಟು ಮನೆಗೆ ಓಡಿದಳು. ಹುಸೇನಮ್ಮ ಬಿಸಿಲಲ್ಲಿ ಐದು ಮೈಲಿ ನಡೆದು ಬಂದಿದ್ದಳು. ಆ ಚೊಂಬು ಮತ್ತೆ ಆ ಮನೆಗೇ ಹೋಗುವಂಥದು. ಅವಳು ಅದನ್ನು ಮುಟ್ಟಲಿಲ್ಲ.