ಆಯಿಯ ಶುಕ್ರವಾರ

ಕೃತಜ್ಞತೆಯ ಬಗ್ಗೆ ಮಾತನಾಡುವುದರಲ್ಲಿ ನನಗೆ ಒಂದಿಷ್ಟು ಹೆಸರಿದೆ. ಮೂರು ವರ್ಷದ ಹಿಂದೆ ನನ್ನ ಮಗಳಿಗೆ ಮೆದುಳು ಜ್ವರ ಬಂದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಾತಿಲ್ಲದೆ ಮಲಗಿದ್ದವಳು ಒಂದು ಬೆಳಗ್ಗೆ ಎದ್ದು ಕುಳಿತಳು. ಅದೇ ಹೊತ್ತಿಗೆ ನನಗೆ ವಾಡಿಯಿಂದ ಸೇಡಂ ಶಾಲೆಗೆ ವರ್ಗವಾಯಿತು. ಸೇಡಂನ ಚರ್ಚಿನಲ್ಲಿ ನಿಂತು, ದೇವರು ಮಗಳನ್ನು ಉಳಿಸಿಕೊಟ್ಟನೆಂದು ಸಾಕ್ಷಿ ಹೇಳಿದೆ. ಕೇಳಿದವರು ಕಣ್ಣೊರೆಸಿಕೊಂಡರು. ಆಮೇಲೆ ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಎಂದು ಹೆಂಗಸರ ಕೂಟಗಳಿಂದ ಕರೆ ಬರತೊಡಗಿತು. ಸುಳ್ಳೇಕೆ, ನನಗೂ ಅದು ರುಚಿಸಿತ್ತು.

ಕಳೆದ ತಿಂಗಳು ವಾಡಿಯವರೇ ಕರೆದರು. ಶುಕ್ರವಾರ ಬೆಳಗಿನ ಗಾಡಿ ಹಿಡಿದು ಹೋದೆ. ಮೊದಲು ಊಟ, ಆಮೇಲೆ ನನ್ನ ಮಾತು. ಚರ್ಚಿನ ಫರಸಿ ನೆಲದ ಮೇಲೆ ಸಾಲಾಗಿ ಕುಳಿತೆವು. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ನನ್ನ ಪಕ್ಕದ ಆಯಿಯ ಮುಂದೆ ಮಾತ್ರ ತಾಟು ಇರಲಿಲ್ಲ. ಕಲ್ಲಿನ ಗಣಿಯಲ್ಲಿ ದುಡಿದು ಹಣ್ಣಾದ ಮುದುಕಿ, ನಾನು ವಾಡಿಯಲ್ಲಿದ್ದಾಗ ನಮ್ಮ ಓಣಿಯವಳೇ. ಈಗ ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಯಾಕ ಆಯಿ, ಉಣ್ಣಂಗಿಲ್ಲೇನು?"

"ಇವತ್ತ ಶುಕ್ರವಾರ ಅಲ್ಲೇನವ್ವ. ಉಪಾಸ ಅದ."

"ಯಾರ ಸಲುವಾಗಿ?"

ಆಕೆ ನನ್ನನ್ನೇ ದಿಟ್ಟಿಸಿದಳು. "ನಿನ್ನ ಮಗಳ ಸಲುವಾಗಿ. ನೀನೇ ಹೇಳಿದ್ದಿಯಲ್ಲ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ವಾಡಿಯ ನಮ್ಮ ಹಿರಿಯ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಕಷ್ಟ ಹೇಳಿಕೊಂಡು ಕೈ ಹಿಡಿದರೆ, ಅವರಿಗಾಗಿ ಒಬ್ಬಳು ವಾರಕ್ಕೊಂದು ಉಪವಾಸ ಹಿಡಿಯುತ್ತಾಳೆ. ಕೇಳಿಕೊಂಡವರೇ ಬಂದು, 'ದೇವರು ಕೊಟ್ಟ' ಎಂದು ತಮ್ಮ ಕೈಯಿಂದ ಒಂದು ತುತ್ತು ತಿನ್ನಿಸಿದ ಮೇಲೆಯೇ ಅದನ್ನು ಬಿಡುವುದು. ಇದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆಸ್ಪತ್ರೆಗೆ ಹೊರಟ ದಿನ ಆಯಿಯ ಕೈ ಹಿಡಿದು ಅತ್ತವಳು ನಾನೇ.

"ಆಕಿ ಆರಾಮಾಗಿ ಮೂರು ವರ್ಷ ಆಯ್ತು ಆಯಿ. ನಿನಗ ಯಾರೂ ಹೇಳಿಲ್ಲೇನು?"

"ಮಂದಿ ಭಾಳ ಹೇಳ್ಯಾರ. ನೀ ಬಂದಿಲ್ಲಲ್ಲ. ಇನ್ನ ಏನರ ಉಳದಿರಬೇಕು ಅನ್ಕೊಂಡೆ."

ಮೂರು ವರ್ಷದ ಶುಕ್ರವಾರಗಳು. ಅವುಗಳಲ್ಲಿ ಎಷ್ಟೋ ಶುಕ್ರವಾರ ನಾನು ಊರೂರಿನಲ್ಲಿ ಹೋಳಿಗೆ ಉಂಡು, ಕೃತಜ್ಞತೆಯ ಬಗ್ಗೆ ಮಾತನಾಡಿ ಬಂದಿದ್ದೆ. ಸೇಡಂನಿಂದ ವಾಡಿ ಎಷ್ಟು ದೂರ? ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮನೆಗೆ ವಾಪಸ್ ಬರಬಹುದು. ದೇವರಿಗೆ ಸಾವಿರ ಸಲ ಸ್ತೋತ್ರ ಹೇಳಿದ್ದೆ, ಅದೂ ಮೈಕಿನಲ್ಲಿ. ಆಯಿಗೆ ಒಂದು ಮಾತು ಹೇಳಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ರೊಟ್ಟಿ ಮುರಿದು ಪಲ್ಯ ಹಚ್ಚಿದೆ. "ದೇವರು ಕೊಟ್ಟ ಆಯಿ" ಎಂದೆ. ಆಕೆ ಕಣ್ಣು ಮುಚ್ಚಿ, "ಸ್ತೋತ್ರ ತಂದೆ" ಎಂದು ಬಾಯಿ ತೆರೆದಳು. ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ನುರಿಸಿ ನುಂಗಿದಳು, ನೀರು ಕುಡಿದಳು, ಸೆರಗಿನಿಂದ ತುಟಿ ಒರೆಸಿಕೊಂಡಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಸಾಲಿನಲ್ಲಿ ಕುಳಿತ ಹೆಂಗಸರ ಕಡೆ ತಿರುಗಿದಳು.

"ನನ್ನ ಶುಕ್ರವಾರ ಖಾಲಿ ಆಯ್ತು ನೋಡ್ರೆವ್ವ. ಯಾರಿಗರ ಬೇಕಾಗಿತ್ತೇನು?"