ರೊಟ್ಟಿ ಸುಡಿಸುವ ಪುಸ್ತಕ

ಪುಸ್ತಕ ಎಷ್ಟು ಚೆನ್ನಾಗಿದೆ ಎಂದು ಹೇಳಲು ಪೇಟೆಯ ಓದುಗರು ನಕ್ಷತ್ರ ಕೊಡುತ್ತಾರಂತೆ, ಐದಕ್ಕೆ ಮೂರು, ಐದಕ್ಕೆ ನಾಲ್ಕು ಎಂದು. ನರೋಣಾದಲ್ಲಿ ಆ ನಾಜೂಕು ನಡೆಯುವುದಿಲ್ಲ. ಇಲ್ಲಿ ಸುಟ್ಟ ರೊಟ್ಟಿ ಎಣಿಸುತ್ತಾರೆ.

ಇದನ್ನು ಶುರು ಮಾಡಿದವಳು ಮಹಾನಂದಾ. ಜೇವರ್ಗಿ ಕಡೆಯ ಇಜೇರಿಯಲ್ಲಿ ಏಳನೆಯ ಇಯತ್ತೆ ಮುಗಿಸಿ ಈ ಊರಿಗೆ ಸೊಸೆಯಾಗಿ ಬಂದವಳು. ಸುಭದ್ರಾಬಾಯಿಯವರ ರೊಟ್ಟಿ ಕೇಂದ್ರದಲ್ಲಿ ಹತ್ತು ವರ್ಷ ರೊಟ್ಟಿ ಬಡಿದಳು. ಆಮೇಲೆ ಬಲ ಭುಜ ಎತ್ತಲು ಬಾರದಾಯಿತು. ಸುಭದ್ರಾಬಾಯಿ ಬಾಯಿ ಜೋರಿನ ಹೆಂಗಸು, ಆದರೆ ಕಷ್ಟದಲ್ಲಿದ್ದವರನ್ನು ಕೈಬಿಡುವ ಜಾತಿಯಲ್ಲ. ಒಣಗಿದ ಖಡಕ್ ರೊಟ್ಟಿಗಳನ್ನು ಜೋಡಿಸಿ ಕಟ್ಟುವ ಕೆಲಸ ಕೊಟ್ಟು ಕೂರಿಸಿದರು. ಆ ಕೆಲಸಕ್ಕೆ ಅರ್ಧ ದಿನ ಸಾಕು. ಉಳಿದ ಅರ್ಧ ದಿನ ಸುಮ್ಮನೆ ಕೂತು ಉಣ್ಣುವುದು ಮಹಾನಂದಾಳ ಗಂಟಲಲ್ಲಿ ಇಳಿಯಲಿಲ್ಲ. ಗಂಡನ ಅಣ್ಣನ ಮಗ ಜೈಭೀಮ ಊರಿನ ಬುದ್ಧ ವಿಹಾರದ ಪುಸ್ತಕದ ಕಪಾಟು ನೋಡಿಕೊಳ್ಳುತ್ತಿದ್ದ. ಅವನಿಂದ ಒಂದು ಕಾದಂಬರಿ ತಂದು ಜೋರಾಗಿ ಓದತೊಡಗಿದಳು. ಮೂರನೆಯ ಅಧ್ಯಾಯಕ್ಕೆ, ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಶರಣಬಸಮ್ಮ ಬಾಯಿ ತೆರೆದು ಕೂತಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಎದ್ದಮೇಲೆ ಅವಳಿಗೆ ಎಚ್ಚರ.

ಪುಸ್ತಕ ಮುಗಿಯುವಷ್ಟರಲ್ಲಿ ನಾಲ್ಕು ರೊಟ್ಟಿ ಸುಟ್ಟಿದ್ದವು. ಒಂದು ಚೀಟಿಯಲ್ಲಿ "ನಾಲ್ಕು ರೊಟ್ಟಿ" ಎಂದು ಬರೆದು ಪುಸ್ತಕದೊಳಗೆ ಇಟ್ಟು ಮಹಾನಂದಾ ಅದನ್ನು ವಿಹಾರಕ್ಕೆ ಮರಳಿಸಿದಳು. ಅಲ್ಲಿಂದ ಊರಿಗೆ ಹುಚ್ಚು ಹಿಡಿಯಿತು. ಆಳಂದದ ಬಸ್ಸಿನ ಕಂಡಕ್ಟರ್ ಸೂರ್ಯಕಾಂತ ಕಿಟಕಿಯಿಂದಲೇ ಕೇಳುತ್ತಿದ್ದ, "ಮಹಾನಂದಕ್ಕಾ, ಮೂರು ರೊಟ್ಟಿ ಮ್ಯಾಲಿಂದ ಏನರ ಅದ ಏನ್ರಿ?" ಹೈಸ್ಕೂಲಿನ ಖುರ್ಷಿದ ಟೀಚರು ಒಂದು ಪುಸ್ತಕ ವಾಪಸು ಕೊಡುತ್ತ, "ಐದು ರೊಟ್ಟಿ ಅಂತ ಕೊಟ್ರಿ, ನಮ್ಮನ್ಯಾಗ ಒಂದು ಪಾತೇಲಿ ಹಾಲ ಉಕ್ಕಿ ಹೋತ್ರಿ" ಎಂದು ನಕ್ಕರು. ಮಹಾನಂದಾಳ ಕಾಲು ಆ ದಿನವೆಲ್ಲ ನೆಲದ ಮೇಲೆ ನಿಲ್ಲಲಿಲ್ಲ. ಯಾರಿಗೆ ಯಾವುದು ಹಿಡಿಸುತ್ತದೆ ಎಂದು ಮುಖ ನೋಡಿಯೇ ಹೇಳುತ್ತೇನೆ ಎಂಬ ಸಣ್ಣ ಜಂಬವೂ ಅವಳಿಗೆ ಬಂದಿತ್ತು. ಬರಲಿ ಬಿಡಿ, ಅಷ್ಟು ಜಂಬಕ್ಕೆ ಅವಳಿಗೆ ಹಕ್ಕಿತ್ತು.

ಒಬ್ಬರ ರೊಟ್ಟಿ ಮಾತ್ರ ಎಂದೂ ಸುಟ್ಟಿರಲಿಲ್ಲ. ಸುಭದ್ರಾಬಾಯಿಯವರದು. ಉಳಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ ಅವರು ರೊಟ್ಟಿ ಮಗುಚುತ್ತಿದ್ದರು.

ಹೀಗಿರಲು ಕಲಬುರಗಿಯ ಖಾನಾವಳಿಯಿಂದ ಫೋನ್ ಬಂತು, ರೊಟ್ಟಿ ಕರ್ರಗೆ ಬರುತ್ತಿವೆ ಎಂದು. ಸುಭದ್ರಾಬಾಯಿ ಫೋನ್ ಇಟ್ಟವರೇ ಗುಡುಗಿದರು, "ನಾಳಿಂದ ಓದು ಬಂದ್!"

ರೊಟ್ಟಿ ಬಡಿಯುವವರಲ್ಲಿ ಪ್ಯಾರಿಬಿ ಸುಮ್ಮನಿರುವ ಪೈಕಿ ಅಲ್ಲ. "ನಿಮಗೇನ್ರಿ ಅಕ್ಕಾ, ನಿಮ್ಮ ದಿಲ್ ಹಂಚಿನಕಿಂತ ಗಟ್ಟಿ ಅದ. ಒಂದರ ರೊಟ್ಟಿ ಸುಟ್ಟಿದ್ರ ನಿಮಗೂ ತಿಳೀತಿತ್ತು."

"ನನ್ನ ರೊಟ್ಟಿ ಸುಡಸೂವಂಥಾ ಪುಸ್ತಕ ಇನ್ನಾ ಹುಟ್ಟಿಲ್ಲ ಬೇ," ಎಂದರು ಸುಭದ್ರಾಬಾಯಿ. "ಎಂಟು ದಿನಾ ಕೊಡ್ತೇನಿ. ಸುಡಸ್ರಿ, ಓದು ಇರಲಿ. ಇಲ್ಲಾಂದ್ರ ಪುಸ್ತಕಾ ಕಟ್ಟಿ ಇಡ್ರಿ."

ಮಹಾನಂದಾ ಕೈಯಲ್ಲಿದ್ದ ರೊಟ್ಟಿಯ ಕಟ್ಟು ಕೆಳಗಿಟ್ಟಳು. ರೊಟ್ಟಿ ಕಟ್ಟುವ ಕೆಲಸ ಯಾರಾದರೂ ಮಾಡಿಯಾರು. ಓದು ನಿಂತರೆ ತಾನು ಇಲ್ಲಿ ದಯೆಯಿಂದ ಕೂತವಳು, ಅಷ್ಟೇ. ಆ ಯೋಚನೆ ಅವಳನ್ನು ಭುಜದ ನೋವಿಗಿಂತ ಹೆಚ್ಚು ನೋಯಿಸಿತು.

ಮೊದಲ ಎರಡು ದಿನ ಸೊಸೆಯೊಬ್ಬಳ ಕಷ್ಟದ ಕತೆ ಓದಿದಳು. ಶರಣಬಸಮ್ಮ ಎರಡು ಸುಟ್ಟಳು. ಸುಭದ್ರಾಬಾಯಿ, "ಆಕಿ ಮದಲೇ ದಿನಾನೇ ಬಾಯಿ ಬಿಟ್ಟಿದ್ರ ಇಷ್ಟೆಲ್ಲಾ ಯಾಕ ಆಗ್ತಿತ್ತು?" ಎಂದು ಹಿಟ್ಟು ನಾದಿದರು. ಆಮೇಲೆ ಅತ್ತೆಯರ ಬಗೆಗಿನ ನಗೆಯ ಪ್ರಬಂಧಗಳು. ಪ್ಯಾರಿಬಿ ನಕ್ಕೂ ನಕ್ಕೂ ಹಂಚಿನ ಮೇಲೆ ಬೀಳುವುದೊಂದು ಬಾಕಿ. ಸುಭದ್ರಾಬಾಯಿ, "ಅತ್ತೀನ್ನ ಆಡಿಕೊಂಡು ನಗೂದು ದೊಡ್ಡಸ್ತನ ಏನ?" ಎಂದರು. ಒಂದು ಕಾಲಿಲ್ಲದೆ ಹಿಮದ ಬೆಟ್ಟ ಹತ್ತಿದ ಹುಡುಗಿಯ ಜೀವನಕತೆಗೆ ಎಲ್ಲರ ಮೈ ಜುಮ್ಮೆಂದಿತು. "ಹತ್ತಿದ್ಲು, ಖರೇ. ಇಳದ ಮ್ಯಾಲ ಏನ್ ಮಾಡಿದ್ಲು ಅನ್ನೂದು ಬರದಿಲ್ಲಲ್ಲ?" ಎಂದರು ಸುಭದ್ರಾಬಾಯಿ.

ಏಳನೆಯ ದಿನ ಮನೆಯಲ್ಲಿ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತ ಮಹಾನಂದಾ ಗಂಡ ದತ್ತಪ್ಪನ ಮುಂದೆ ಗೋಳಾಡಿಕೊಂಡಳು. "ಯಾವ ಪುಸ್ತಕ ಓದಿದ್ರೂ ಅಕ್ಕಾರು ಜಗಳಾನೇ ತಗೀತಾರ."

"ಜಗಳಾ ತಗೀಬೇಕಂದ್ರ ಪೂರಾ ಕೇಳಿರಬೇಕಲ್ಲ," ಎಂದ ದತ್ತಪ್ಪ, ಎತ್ತಿಗೆ ಮೇವು ಹಾಕಲು ಎದ್ದು ಹೋದ.

ಈಳಿಗೆಯ ಮೇಲೆ ಮಹಾನಂದಾಳ ಕೈ ನಿಂತಿತು. ಹೌದಲ್ಲ! ಉಳಿದವರು ಅರ್ಧ ಕೇಳಿ ಅತ್ತರೆ, ಸುಭದ್ರಾಬಾಯಿ ಪೂರಾ ಕೇಳಿ ಪ್ರಶ್ನೆ ಹಾಕುತ್ತಿದ್ದರು. ಇಷ್ಟು ದಿನ ತಾನು ಮೆಚ್ಚಿದ್ದನ್ನೇ ತಂದು ಸುರಿದೆನಲ್ಲ, ಮುಖ ನೋಡಿ ಹೇಳುವವಳಂತೆ ನಾನು, ಎಂದು ತನ್ನ ಮೇಲೇ ಅವಳಿಗೆ ನಗು ಬಂತು. ಟ್ರಂಕಿನ ತಳದಲ್ಲಿ ಒಂದು ತೆಳು ಪುಸ್ತಕವಿತ್ತು. ಸಿಟ್ಟು ಬಂದು ಹನ್ನೆರಡನೆಯ ಪುಟಕ್ಕೆ ಮುಚ್ಚಿಟ್ಟಿದ್ದಳು. ಯಾರಿಗೂ ಓದಿ ಎಂದು ಹೇಳಿರಲಿಲ್ಲ.

ಎಂಟನೆಯ ದಿನ ಅದನ್ನೇ ಬಿಚ್ಚಿದಳು. ಯಾರೋ ಪಂಡಿತರ ಪ್ರಬಂಧ. ಭಾಷೆ ಬಿಗಿ. ಪ್ಯಾರಿಬಿ ಆಕಳಿಸಿದಳು. ಹನ್ನೆರಡನೆಯ ಪುಟಕ್ಕೆ ಬಂದಾಗ ಮಹಾನಂದಾ ದನಿ ಸ್ವಲ್ಪ ಏರಿಸಿದಳು: "ದಿನವಿಡೀ ಕೈಯಿಂದ ದುಡಿಯುವವರಿಗೆ ವಿಚಾರ ಮಾಡಲು ಬಿಡುವಿಲ್ಲ. ಅವರ ಬದುಕು ಕೈಯಲ್ಲಿದೆ, ತಲೆಯಲ್ಲಿಲ್ಲ."

ಸುಭದ್ರಾಬಾಯಿಯವರ ರೊಟ್ಟಿ ಬಡಿತ ನಿಂತಿತು. "ಏನಂದಾ? ಇನ್ನೊಮ್ಮೆ ಓದು."

ಓದಿದಳು.

"ಅಂವ ಒಂದರ ರೊಟ್ಟಿ ಬಡದಾನೇನ ತನ್ನ ಜನ್ಮದಾಗ?" ಸುಭದ್ರಾಬಾಯಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತರು. "ಕೈ ತನ್ನ ಕೆಲಸಾ ತಾ ಮಾಡತದ. ತಲಿ ಏನ್ ಮಾಡತದಂತ ತಿಳದಾನ? ನಾಕನೇತ್ತಾ ಮುಗದ ಮ್ಯಾಲ ನಮ್ಮಪ್ಪ ಅತನೂರದಾಗ ನನ್ನ ಸಾಲಿ ಬಿಡಿಸಿದ. ಅವತ್ತ ನಾ ಒಂದು ಮಾತೂ ಆಡಲಿಲ್ಲ. ಅವಗ ಏನ್ ಹೇಳಬೇಕಿತ್ತಂತ ನಲವತ್ತೈದು ವರ್ಷ ಬಡದು ಬಡದು ತಯ್ಯಾರ ಮಾಡೇನಿ. ಅಂವ ಸತ್ತ. ನನ್ನ ಮಾತು ಇಲ್ಲೇ ಅದಾವ. ತಲ್ಯಾಗ ಏನಿಲ್ಲಂತ ಹೇಳಾವ ಇಂವ ಯಾರು?"

ಹೊಗೆ ಎದ್ದಿತು. ಹಂಚಿನ ಮೇಲೆ ಸುಭದ್ರಾಬಾಯಿಯವರ ರೊಟ್ಟಿ ಇದ್ದಲಿನಂತಾಗಿತ್ತು. ಪ್ಯಾರಿಬಿ ಅದನ್ನು ಚಿಮಟದಿಂದ ಎತ್ತಿ ಹಿಡಿದು "ಯಾ ಅಲ್ಲಾ, ಸುಟ್ಟಿತು!" ಎಂದು ಕೂಗಿದಳು. ಶರಣಬಸಮ್ಮ ಚಪ್ಪಾಳೆ ತಟ್ಟಿದಳು. ಸುಭದ್ರಾಬಾಯಿ ರೊಟ್ಟಿ ನೋಡಿದರು, ಮಹಾನಂದಾಳನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೆದ್ದಿ ಬೇ. ಇಂಥಾ ಪುಸ್ತಕ ಇಷ್ಟ ದಿನಾ ಯಾಕ ಮುಚ್ಚಿಟ್ಟಿದ್ದಿ? ಓದು ಮುಂದ, ಇನ್ನೇನೇನ್ ಬೊಗಳ್ಯಾನ ನೋಡೋಣ."

ಗೆದ್ದ ಖುಷಿಗೆ ಮಹಾನಂದಾಳ ಕಣ್ಣು ತುಂಬಿ ಬಂದಿತ್ತು. ಆದರೂ ಅವಳು ಓದಲಿಲ್ಲ. ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ದಿನ ಇವರ ಪಕ್ಕದಲ್ಲೇ ಕೂತು ಯಾರ‍್ಯಾರದೋ ಕತೆ ಓದಿದ್ದಳು, ಇವರನ್ನು ಒಂದು ಮಾತೂ ಕೇಳಿರಲಿಲ್ಲ.

"ಅದನ್ನ ನಾಳಿ ಓದ್ತೇನ್ರಿ ಅಕ್ಕಾರ. ಅಪ್ಪಾರಿಗೆ ಏನ್ ಹೇಳಬೇಕಂತ ಮಾಡಿದ್ರಿ? ಮದಲ ಅದನ್ನ ಹೇಳ್ರಿ."

ಸುಭದ್ರಾಬಾಯಿ ಸುತ್ತ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಹಂಚು ಕೆಳಗಿಳಿಸಿ ಅವರತ್ತ ತಿರುಗಿ ಕೂತಿದ್ದರು. ಜೋರು ಬಾಯಿಯ ಆ ಹೆಂಗಸು ಗಂಟಲು ಸರಿಮಾಡಿಕೊಂಡು, ಸೆರಗಿಗೆ ಕೈ ಒರೆಸಿಕೊಂಡು, ಹತ್ತು ವರ್ಷದ ಹುಡುಗಿಯ ದನಿಯಲ್ಲಿ ಶುರುಮಾಡಿದರು.

"ಅಪ್ಪಾ, ನಾ ಐದನೇತ್ತಾಕ್ಕ ಹೋಗ್ತೇನಿ."