ಹೆಸರಿಗೆ ಅಂಟಿದ ಮಾಸ್ಟರ್

ಬನ್ನಿಮಂಟಪದಲ್ಲಿ ಟೈಲರ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಅಮರೇಶ ಒಂದು ಕಾಲದಲ್ಲಿ ಬಾಲನಟ. ಎಂಟನೇ ವಯಸ್ಸಿನಲ್ಲಿ ಅವನು ತೆರೆಯ ಮೇಲೆ ಅತ್ತರೆ ಮುಂದಿನ ಸಾಲಿನವರು ಚಪ್ಪಲಿ ತೇಲಿಹೋಗದಂತೆ ಕೈಯಲ್ಲಿ ಹಿಡಿದು ಕೂರಬೇಕಿತ್ತು. ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಿದ್ದು ಮಳೆಯಿಂದಲ್ಲ ಅನ್ನುವವರು ಈಗಲೂ ಇದ್ದಾರೆ. ಬೇರೆ ಯಾರೂ ಅಲ್ಲ, ನಾನೇ. ಗ್ಲಿಸರಿನ್ ಇಲ್ಲದೆ ಅದು ಹೇಗೆ ಅಳುತ್ತಿದ್ದೆಯೋ ಎಂದು ಕೇಳಿದರೆ, "ಊಟ ಆಮೇಲೆ ಅಂತಿದ್ರು ಕಣಯ್ಯ" ಅನ್ನುತ್ತಾನೆ.

ಹುಡುಗರು ನಟಿಸಿದರೆ ಸಿನಿಮಾದವರು ಹೆಸರಿನ ಮುಂದೆ 'ಮಾಸ್ಟರ್' ಹಾಕುವುದು ರೂಢಿ. ಅಮರೇಶನಿಗೆ ಮೀಸೆ ಬಂತು, ಮಾಸ್ಟರ್ ಹೋಗಲಿಲ್ಲ. ಧ್ವನಿ ಒಡೆದು ಲಾರಿ ಗೇರಿನಂತಾಯಿತು, ಆಗಲೂ ಹೋಗಲಿಲ್ಲ. ಕೊನೆಗೆ ಮೂರು ಮಕ್ಕಳ ಅಪ್ಪನ ಪಾತ್ರ ಮಾಡಿದಾಗಲೂ ಟೈಟಲ್ಲಿನಲ್ಲಿ 'ಮಾಸ್ಟರ್ ಅಮರೇಶ್'! ಥಿಯೇಟರಿನಲ್ಲಿ ಎದ್ದ ನಗೆಗೆ ಚಾಮುಂಡಿ ಬೆಟ್ಟದ ನಂದಿ ಕಿವಿ ನಿಮಿರಿಸಿತಂತೆ. ಆಮೇಲೆ ಯಾರೂ ಕರೆಯಲಿಲ್ಲ. ಅವನು ಕತ್ತರಿ ಹಿಡಿದ. ಉಳಿದ ಆಸೆ ಒಂದೇ: ತೆರೆಯ ಮೇಲೆ ಒಮ್ಮೆಯಾದರೂ ಬರೀ 'ಅಮರೇಶ್' ಎಂದು ಬರಬೇಕು.

ಕಳೆದ ವರ್ಷ ಗೋಕುಲಂನಲ್ಲಿ ಚಿತ್ರೀಕರಣ ನಡೆದ ಧಾರಾವಾಹಿಯೊಂದರಲ್ಲಿ ತಾತನ ಪಾತ್ರ ಸಿಕ್ಕಿತು. ಸಹಾಯಕ ನಿರ್ದೇಶಕಿ ಲಹರಿಗೆ ಮೊದಲೇ ಹೇಳಿದ.

"ನೋಡಮ್ಮ, ಹೆಸರಿಗೆ ಮಾಸ್ಟರ್ ಮಾತ್ರ ಅಂಟಿಸ್ಬೇಡಿ."

"ಅಯ್ಯೋ, ತಾತಂಗೆ ಯಾರು ಸರ್ ಹಾಕ್ತಾರೆ?"

ಕ್ಯಾಮೆರಾ ಮುಂದೆ ಅಮರೇಶ ಅತ್ತ. ಯೋಗ ಕಲಿಯಲು ಬಂದು ಪಕ್ಕದ ತಾರಸಿಯಲ್ಲಿ ಶೀರ್ಷಾಸನ ಹಾಕಿದ್ದ ವಿದೇಶೀಯರ ಕಣ್ಣೀರು ಹಣೆಗೆ ಹರಿಯಿತು.

ಪ್ರಸಾರದ ಹಿಂದಿನ ದಿನ ಅಂಗಡಿಯ ತುಂಬ ದಸರಾ ಗಿರಾಕಿಗಳು. ಬಟ್ಟೆ ಕತ್ತರಿಸುವವನೂ ನಮ್ಮೂರಲ್ಲಿ ಮಾಸ್ಟರೇ. ಫೋನ್ ಬಂತು. ಅಮರೇಶ ಅಭ್ಯಾಸಬಲದಿಂದ, "ಅಮರೇಶ್ ಮಾಸ್ಟರ್ ಮಾತಾಡ್ತಿರೋದು, ಬ್ಲೌಸ್ ನಾಳೆ ಗ್ಯಾರಂಟಿ!" ಅಂದ.

"ನಾನು ಲಹರಿ ಸರ್. ಟೈಟಲಿಗೆ ಹೆಸರು ಹೆಂಗೆ ಹಾಕ್ಲಿ ಅಂತ ಕೇಳೋಣ ಅಂತಿದ್ದೆ. ನೀವೇ ಹೇಳಿದ್ರಲ್ಲ, ಬಿಡಿ," ಎಂದು ಇಟ್ಟೇಬಿಟ್ಟಳು.

ಮರುದಿನ ಟಿ.ವಿ.ಯಲ್ಲಿ 'ಅಮರೇಶ್ ಮಾಸ್ಟರ್' ಎಂದು ಬಂದಾಗ ಅವನ ಮುಖ ಇಸ್ತ್ರಿ ಕಾಣದ ಪಂಚೆಯಂತಾಯಿತು. ಹೆಂಡತಿ ಪ್ರೇಮಲೀಲಾ ಸಮಾಧಾನ ಹೇಳಿದರು: "ಮುಂದಿದ್ದಿದ್ದು ಹಿಂದಕ್ಕಾದ್ರೂ ಬಂತಲ್ಲ ಕಣ್ರೀ. ಇನ್ನೊಂದೈವತ್ತು ವರ್ಷಕ್ಕೆ ಉದುರೋಗುತ್ತೆ ಬುಡಿ."

ಇನ್ನು ಮೇಲೆ ಫೋನಿನಲ್ಲಿ ಆ ಪದ ಎತ್ತುವುದಿಲ್ಲ ಎಂದು ಅಮರೇಶ ಪಣ ತೊಟ್ಟ. ಬೆಳಿಗ್ಗೆ ಮೊದಲ ಕರೆ ಬಂದಾಗ ನಾನು ಅಲ್ಲೇ ಇದ್ದೆ.

"ಹಲೋ, ಅಮರೇಶ್," ಅಂದ, ಗಂಟಲು ಸರಿಮಾಡಿಕೊಂಡು.

"ಓ, ರಾಂಗ್ ನಂಬರ್ ಅನ್ಸುತ್ತೆ ಸಾರ್. ನಮಗೆ ಮಾಸ್ಟರ್ ಬೇಕಾಗಿತ್ತು."